ತೊಟ್ಟಿಲ ಪಕ್ಕದ ಮೊದಲ ದನಿ

ಕೆಲಕಾಲದ ಹಿಂದೆ ಪರಿಚಿತರೊಬ್ಬರ ಮನೆಗೆ ಮಗುವಿನ ಜ್ಞಾನಸ್ನಾನದ ಊಟಕ್ಕೆ ಹೋಗಿದ್ದೆ. ತೊಟ್ಟಿಲ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಕ್ಕಿಗಳ ಆಟಿಕೆಯೊಂದು ತೂಗುತ್ತಿತ್ತು. ಗುಂಡಿ ಒತ್ತಿದರೆ ಹಕ್ಕಿಗಳು ಸುತ್ತುತ್ತಾ ಮೂರು ರಾಗಗಳನ್ನು ಒಂದಾದ ಮೇಲೊಂದರಂತೆ ನುಡಿಸುತ್ತಿದ್ದವು. ಮಗು ಅತ್ತಾಗಲೆಲ್ಲ ಯಾರಾದರೊಬ್ಬರು ಬಂದು ಗುಂಡಿ ಒತ್ತಿ ಹೋಗುತ್ತಿದ್ದರು. ಗೋಡೆಗೊರಗಿ ಕುಳಿತಿದ್ದ ಮುತ್ತಜ್ಜಿಯನ್ನು, ‘ನೀವು ಹಾಡುವುದಿಲ್ಲವೇ?’ ಎಂದು ಕೇಳಿದೆ. ‘ನನ್ನ ಗಂಟಲು ಹೋಗಿದೆ, ಅದರಷ್ಟು ಚೆನ್ನಾಗಿ ನನಗೆಲ್ಲಿ ಬರುತ್ತದೆ?’ ಎಂದು ಆಕೆ ಹಕ್ಕಿಗಳ ಕಡೆ ಕೈತೋರಿದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಎಳೆಯ ಮಗುವಿಗೆ ಮನೆಯಲ್ಲಿ ಸಂಗೀತವನ್ನು ಪರಿಚಯಿಸುವುದು ಹೇಗೆ, ಎಂದಿನಿಂದ, ಯಾರಿಂದ ಎಂಬ ಪ್ರಶ್ನೆ ನಮ್ಮ ಕಾಲದ ತಂದೆತಾಯಂದಿರು ಹೊಸದಾಗಿ ಎತ್ತಿಕೊಂಡದ್ದೆಂದು ತೋರಬಹುದು. ಹಾಗಲ್ಲ. ಇದನ್ನು ಕುರಿತು ತತ್ತ್ವಜ್ಞಾನಿಗಳು, ಸಂತರು, ದೇಶಭ್ರಷ್ಟರಾದ ಧರ್ಮಾಧ್ಯಕ್ಷರು, ತಾಯಿಯನ್ನೇ ಕಾಣದೆ ಬೆಳೆದವರು ಚಿಂತಿಸಿದ್ದಾರೆ. ಮುತ್ತಜ್ಜಿಯ ಮಾತಿಗೆ ಅವರೆಲ್ಲ ಏನು ಉತ್ತರ ಕೊಟ್ಟಿರಬಹುದೆಂದು ಹುಡುಕುತ್ತಾ ಹೋದಾಗ ದೊರೆತ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 4000 ವರ್ಷಗಳಷ್ಟು ಹಳೆಯದಾದ, ಅಂಗೈಯಲ್ಲಿ ಹಿಡಿಸುವ ಮಣ್ಣಿನ ಫಲಕವೊಂದಿದೆ. ಬ್ಯಾಬಿಲೋನಿನ ಬೆಣೆಲಿಪಿಯಲ್ಲಿ ಅದರ ಮೇಲೆ ಕೊರೆದಿರುವುದು ಒಂದು ಜೋಗುಳ. ಅಳುವ ಮಗುವಿನ ಗದ್ದಲಕ್ಕೆ ಮನೆದೇವರು ನಿದ್ದೆಗೆಟ್ಟು ಮುನಿದಿದ್ದಾನೆ ಎಂಬುದು ಅದರ ಸಾರ. ರಾತ್ರಿಯೆಲ್ಲ ಎದ್ದು ಕುಳಿತ ತಾಯಂದಿರ ದಣಿವು ನಾಲ್ಕು ಸಾವಿರ ವರ್ಷಗಳಲ್ಲಿ ಎಷ್ಟೂ ಬದಲಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗ್ರೀಸಿನ ಪ್ಲೇಟೋ ತನ್ನ ಮುಪ್ಪಿನಲ್ಲಿ ಬರೆದ ‘ನ್ಯಾಯವಿಧಿಗಳು’ ಎಂಬ ಗ್ರಂಥದ ಏಳನೆಯ ಭಾಗದಲ್ಲಿ ಇದೇ ದೃಶ್ಯವನ್ನು ಇನ್ನಷ್ಟು ಹತ್ತಿರದಿಂದ ನೋಡುತ್ತಾನೆ. ನಿದ್ದೆ ಬಾರದ ಕೂಸನ್ನು ಮಲಗಿಸಲು ತಾಯಂದಿರು ನಿಶ್ಚಲತೆಯನ್ನಲ್ಲ, ಚಲನೆಯನ್ನು ಕೊಡುತ್ತಾರೆ; ಮೌನವನ್ನಲ್ಲ, ಹಾಡನ್ನು ಕೊಡುತ್ತಾರೆ ಎಂಬುದನ್ನು ಆತ ಅಚ್ಚರಿಯಿಂದ ಗಮನಿಸುತ್ತಾನೆ. ತೂಗುವ ತೋಳು ಮತ್ತು ಹಾಡುವ ಕೊರಳು ಬೇರೆ ಬೇರೆಯಲ್ಲ. ಒಳಗಿನ ಭಯವನ್ನು ಹೊರಗಿನ ಲಯವು ಶಮನಗೊಳಿಸುತ್ತದೆ ಎಂಬುದು ಆತನ ವಿವರಣೆ. ತೊಟ್ಟಿಲ ಮೇಲೆ ತಿರುಗುವ ಹಕ್ಕಿಗಳಲ್ಲಿ ರಾಗವುಂಟು, ತೋಳಿಲ್ಲ.

ಕ್ರೈಸ್ತ ಧರ್ಮಸಭೆಯ ಪಿತಾಮಹರಲ್ಲಿ ಇಬ್ಬರು ಈ ವಿಷಯವನ್ನು ಮುಟ್ಟಿರುವುದು ಹಲವರಿಗೆ ತಿಳಿಯದು. 4ನೆಯ ಶತಮಾನದ ಕೊನೆಯ ಭಾಗದ ಸಂತ ಜಾನ್ ಕ್ರಿಸೋಸ್ತೋಮರು, ನಾವಿಂದು 42ನೆಯದೆಂದು ಎಣಿಸುವ ಕೀರ್ತನೆಯ ವ್ಯಾಖ್ಯಾನದಲ್ಲಿ, ಮನುಷ್ಯ ಸ್ವಭಾವಕ್ಕೆ ಹಾಡು ಎಷ್ಟು ಸಹಜವೆಂಬುದನ್ನು ತೋರಿಸಲು ಮೊದಲು ಹೆಸರಿಸುವುದು ಮೊಲೆಯುಣ್ಣುವ ಕೂಸುಗಳನ್ನು. ರಚ್ಚೆ ಹಿಡಿದ ಮಗುವನ್ನು ದಾದಿಯರು ತೋಳಿನಲ್ಲೆತ್ತಿ, ಅತ್ತಿಂದಿತ್ತ ನಡೆದಾಡುತ್ತಾ, ಏನಾದರೊಂದು ಬಾಲಗೀತೆಯನ್ನು ಗುನುಗಿ ರೆಪ್ಪೆ ಮುಚ್ಚಿಸುವುದನ್ನು ಅವರು ಕಂಡಿದ್ದರು. ಆ ಬಳಿಕವೇ ದಾರಿಹೋಕರು, ದ್ರಾಕ್ಷಿ ತುಳಿಯುವವರು, ನಾವಿಕರು, ನೇಯುವ ಹೆಂಗಸರು ಬರುತ್ತಾರೆ. ಇವರೆಲ್ಲ ಹಾಡಿನಿಂದ ದುಡಿಮೆಯ ಭಾರವನ್ನು ಹಗುರ ಮಾಡಿಕೊಳ್ಳುವಾಗ, ಗಂಡಸರೇ, ನೀವು ಹೆಂಡತಿ ಮಕ್ಕಳಿಗೆ ಕೀರ್ತನೆಗಳನ್ನು ಕಲಿಸಿರಿ. ನೇಯುವಾಗ ಹಾಡಲಿ, ವಿಶೇಷವಾಗಿ ಊಟದ ಹೊತ್ತಿನಲ್ಲಿ ಹಾಡಲಿ ಎಂಬುದು ಅವರ ಬೋಧನೆ. ಇಲ್ಲಿ ಕಲಿಸುವ ಹೊಣೆಯನ್ನು ತಂದೆಯ ಮೇಲೆ ಹೊರಿಸಿರುವುದನ್ನು ಗಮನಿಸಿರಿ. ಜೋಗುಳವೆಂದರೆ ಹೆಂಗಸರ ಕೆಲಸವೆಂದು ಪಕ್ಕಕ್ಕೆ ಸರಿಯುವ ನಮ್ಮಂಥವರಿಗೆ ಇದು ತುಸು ಇರಿಸುಮುರಿಸಿನ ಮಾತೇ.

ಎರಡನೆಯವರು ಸಂತ ಜೆರೋಮರು. ಕ್ರಿ.ಶ. 400ರ ಸುಮಾರಿಗೆ ಬೆತ್ಲೆಹೇಮಿನಿಂದ ಅವರು ರೋಮಿನ ಲೇತಾ ಎಂಬ ಗೃಹಿಣಿಗೆ ಒಂದು ಪತ್ರ ಬರೆದರು. ಪೌಲಾ ಎಂಬ ಪುಟ್ಟ ಮಗಳನ್ನು ಬೆಳೆಸುವುದು ಹೇಗೆಂದು ಆಕೆ ಕೇಳಿದ್ದಳು. ಜೆರೋಮರು ಮೃದು ಸ್ವಭಾವದವರಲ್ಲ. ಲೌಕಿಕ ಹಾಡುಗಳು ಮಗುವಿನ ಕಿವಿಗೆ ಬೀಳಬಾರದು, ಕೊಳಲು ವೀಣೆಗಳು ಯಾತಕ್ಕಾಗಿ ಇವೆಯೆಂಬುದೇ ಆಕೆಗೆ ತಿಳಿಯಬಾರದು ಎಂದು ಕಟ್ಟಪ್ಪಣೆ ಮಾಡುತ್ತಾರೆ. ಈ ಭಾಗವನ್ನು ಓದುವಾಗ ನನಗೆ ಆ ಮಗುವಿನ ಬಗ್ಗೆ ಮರುಕವೇ ಆಗುತ್ತದೆ. ಆದರೆ ಅದೇ ಪತ್ರದಲ್ಲಿ ಬೇರೊಂದು ಚಿತ್ರವಿದೆ. ಲೇತಾಳ ತಂದೆ ಅಲ್ಬೀನುಸ್ ಹಳೆಯ ರೋಮನ್ ದೇವತೆಗಳ ಪುರೋಹಿತ. ಆತನನ್ನು ಕಂಡೊಡನೆ ಮಗು ಓಡಿಹೋಗಿ ಎದೆಗೇರಲಿ, ಕೊರಳಿಗೆ ಜೋತುಬೀಳಲಿ, ಅಜ್ಜನಿಗೆ ಇಷ್ಟವಿರಲಿ ಬಿಡಲಿ ‘ಅಲ್ಲೆಲೂಯ’ ಹಾಡಲಿ ಎನ್ನುತ್ತಾರೆ ಜೆರೋಮರು! ವಾದದಿಂದ ಗೆಲ್ಲಲಾಗದ ಮುದುಕನನ್ನು ತೊದಲುನುಡಿಯ ಹಾಡು ಗೆಲ್ಲಬಲ್ಲದೆಂಬ ನಂಬಿಕೆ ಅದು. ಪತ್ರದ ಕೊನೆಯಲ್ಲಿ ಆ ಕಠೋರ ವಿದ್ವಾಂಸರು, ಮಗುವನ್ನು ಬೆತ್ಲೆಹೇಮಿಗೆ ಕಳುಹಿಸಿದರೆ ತಾವೇ ಹೆಗಲ ಮೇಲೆ ಹೊತ್ತು ತಿರುಗುವುದಾಗಿಯೂ, ತೊದಲುವ ತುಟಿಗಳಿಗೆ ಮಾತು ಕಲಿಸುವುದಾಗಿಯೂ ಬರೆಯುತ್ತಾರೆ. ಬೈಬಲ್ಲನ್ನು ಲತೀನಿಗೆ ತಂದ ಮಹನೀಯರ ಹೆಗಲು ಅದು.

ಮಧ್ಯಯುಗವನ್ನು ಇಲ್ಲಿ ಬೇಗನೆ ದಾಟಿಬಿಡುತ್ತೇನೆ. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ವಿಟ್ಟೆನ್‌ಬರ್ಗಿನ ತಮ್ಮ ಮನೆಯಲ್ಲಿ ಲ್ಯೂಟ್ ವಾದ್ಯ ನುಡಿಸುತ್ತಾ ಮಕ್ಕಳೊಂದಿಗೆ ಹಾಡುತ್ತಿದ್ದರು. 1535ರಲ್ಲಿ ಅಚ್ಚಾದ ಅವರ ಕ್ರಿಸ್ಮಸ್ ಗೀತೆಯೊಂದನ್ನು ತಮ್ಮ ಮಕ್ಕಳ ಹಬ್ಬಕ್ಕಾಗಿಯೇ ಬರೆದರೆಂಬ ಪ್ರತೀತಿಯಿದೆ. ಅದಕ್ಕೆ ಮೊದಲು ಹೊಂದಿಸಿದ್ದು ಬೀದಿಯಲ್ಲಿ ಒಗಟು ಹೇಳುವವರ ಹಾಡಿನ ಧಾಟಿ.

ಆದರೆ ಎಳೆಗೂಸಿನ ಸಂಗೀತವನ್ನು ವರುಷ ವರುಷದ ಲೆಕ್ಕದಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಪ್ರಮುಖರು ಯಾನ್ ಆಮೋಸ್ ಕೊಮೇನಿಯಸ್. 1592ರಲ್ಲಿ ಮೊರಾವಿಯಾದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡರು. ಬೊಹೀಮಿಯದ ಸಹೋದರರ ಸಭೆಯ ಗುರುವಾದರು. ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಾಗ ಮನೆ ಪುಸ್ತಕಗಳನ್ನು ತೊರೆದು ಅಡಗಿ ಬಾಳಬೇಕಾಯಿತು. 1622ರಲ್ಲಿ ಹೆಂಡತಿಯೂ ಇಬ್ಬರು ಕೂಸುಗಳೂ ಪ್ಲೇಗಿಗೆ ಬಲಿಯಾದರು. 1628ರಲ್ಲಿ, ಕ್ರೈಸ್ತರು ಕ್ರೈಸ್ತರನ್ನೇ ಹೊರದೂಡಿದ ಆ ಕಹಿ ದಿನಗಳಲ್ಲಿ, ತಾಯ್ನಾಡನ್ನು ಬಿಟ್ಟು ಪೋಲೆಂಡಿನ ಲೆಶ್ನೋ ಪಟ್ಟಣ ಸೇರಿದರು, ಮತ್ತೆ ಹಿಂದಿರುಗಲಾಗಲಿಲ್ಲ. ಅಂಥವರು ದೇಶಾಂತರದಲ್ಲಿ ಕುಳಿತು ಮೊದಲು ಬರೆದ ಪುಸ್ತಕಗಳಲ್ಲಿ ಒಂದು, ಆರು ವರ್ಷದೊಳಗಿನ ಮಕ್ಕಳನ್ನು ತಾಯಿಯ ಮಡಿಲಲ್ಲಿ ಬೆಳೆಸುವುದನ್ನು ಕುರಿತದ್ದು. ‘ಶೈಶವದ ಶಾಲೆ’ ಎಂದು ಅದು ಪ್ರಸಿದ್ಧ. ಚೆಕ್ ಭಾಷೆಯಲ್ಲಿ ಬರೆದದ್ದು, ಮೊದಲು ಅಚ್ಚಾದದ್ದು 1633ರಲ್ಲಿ ಜರ್ಮನ್ ಭಾಷೆಯಲ್ಲಿ.

ಆ ಪುಸ್ತಕದಲ್ಲಿ ಕೊಮೇನಿಯಸ್ ಹೇಳುವ ಮೊದಲ ಮಾತೇ ನಮ್ಮನ್ನು ತಡೆದು ನಿಲ್ಲಿಸುತ್ತದೆ: ಮನುಷ್ಯನಿಗೆ ಸಂಗೀತದಷ್ಟು ಸಹಜವಾದುದು ಬೇರಿಲ್ಲ, ಏಕೆಂದರೆ ಹುಟ್ಟಿದೊಡನೆ ನಾವು ಹಾಡುತ್ತೇವೆ, ಆ ಹಾಡೇ ಅಳು. ಅಳುವ ಮಗುವನ್ನು ಗದರಿ ಬಾಯಿ ಮುಚ್ಚಿಸಬಾರದು, ಅದು ಮಗುವಿನ ಎದೆಗೂ ತಲೆಗೂ ಒಳ್ಳೆಯ ವ್ಯಾಯಾಮ ಎಂದೂ ಅವರು ಬಗೆದಿದ್ದರು. ಹೊರಗಿನ ಸಂಗೀತ ರುಚಿಸತೊಡಗುವುದು ಎರಡನೆಯ ವರ್ಷದಲ್ಲಿ: ಹಾಡು, ಗಿಲಕಿ, ವಾದ್ಯದ ನಾದ. ಮೂರನೆಯ ವರ್ಷಕ್ಕೆ ಮನೆಯಲ್ಲಿ ಊಟಕ್ಕೆ ಮುಂಚೆ, ಊಟವಾದ ಮೇಲೆ, ಪ್ರಾರ್ಥನೆಯ ಆರಂಭದಲ್ಲಿ ಹಾಡುವ ಗೀತೆಗಳು ಕಿವಿಗೆ ಬೀಳುತ್ತಿದ್ದರೆ ಸಾಕು. ಕಲಿಸಬೇಕಿಲ್ಲ, ಮಗು ಆ ಗುಂಪಿನ ನಡುವೆ ಇದ್ದರಾಯಿತು. ನಾಲ್ಕನೆಯ ವರ್ಷದಲ್ಲಿ ಕೆಲವು ಮಕ್ಕಳು ತಾವೇ ಹಾಡಬಲ್ಲರು. ನಿಧಾನ ಸ್ವಭಾವದ ಮಕ್ಕಳನ್ನು ಬಲವಂತಪಡಿಸಬಾರದು. ಅಂಥವರ ಕೈಗೆ ಒಂದು ಪೀಪಿಯನ್ನೋ ಡೋಲನ್ನೋ ಕೊಡಿರಿ, ಊದುತ್ತಾ ಬಡಿಯುತ್ತಾ ಅವರ ಕಿವಿ ತಾನಾಗಿ ಹದಗೊಳ್ಳಲಿ ಎನ್ನುತ್ತಾರೆ. ಬಾಯಿ ತೆರೆಸಿ ಸ್ತುತಿಗೀತೆ ಹಾಡಿಸುವುದು ಐದನೆಯ ವರ್ಷದ ಮಾತು.

ನಾಲ್ಕು ಶತಮಾನಗಳ ಹಿಂದಿನ ಈ ಸಲಹೆಯಲ್ಲಿರುವ ತಾಳ್ಮೆಯನ್ನು ನೋಡಿರಿ. ಮೂರು ವರ್ಷದ ಮಗುವನ್ನು ವೇದಿಕೆ ಹತ್ತಿಸಿ ಮೈಕಿನ ಮುಂದೆ ನಿಲ್ಲಿಸುವ ನಮ್ಮ ಆತುರ ಅಲ್ಲಿಲ್ಲ. ನಾನು ಈ ಪುಟಗಳನ್ನು ಓದುವಾಗ 1622ರ ಆ ಎರಡು ಕೂಸುಗಳನ್ನು ಮರೆಯಲಾರೆ. ಕೊಮೇನಿಯಸ್ ಅವರನ್ನು ಹೆಸರಿಸುವುದಿಲ್ಲ. ಆದರೆ ಗಿಲಕಿಯ ಸದ್ದಿಗೆ ಕೂಸು ಯಾವ ವಯಸ್ಸಿನಲ್ಲಿ ತಲೆ ತಿರುಗಿಸುತ್ತದೆಂಬುದನ್ನು ಮನೆಯಲ್ಲಿ ಕಂಡವರಲ್ಲದೆ ಬೇರೆಯವರು ಹೀಗೆ ಬರೆಯಲಾರರೆಂದು ನನ್ನ ಅನಿಸಿಕೆ. 1656ರಲ್ಲಿ ಲೆಶ್ನೋ ಪಟ್ಟಣವೂ ಸುಟ್ಟುಹೋಗಿ ಅವರ ಹಸ್ತಪ್ರತಿಗಳು ಬೂದಿಯಾದವು. ಮುದುಕನಾಗಿ ಆಮ್‌ಸ್ಟರ್‌ಡ್ಯಾಂ ಸೇರಿದ ಅವರು, 1659ರಲ್ಲಿ ಚದುರಿಹೋದ ತಮ್ಮ ಜನರಿಗಾಗಿ ಚೆಕ್ ಭಾಷೆಯ ಗೀತಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ‘ಶೈಶವದ ಶಾಲೆ’ಯ ಚೆಕ್ ಮೂಲ ಮತ್ತೆ ಬೆಳಕಿಗೆ ಬಂದದ್ದು 19ನೆಯ ಶತಮಾನದಲ್ಲಿ.

ಅದೇ ಶತಮಾನದಲ್ಲಿ, ತಾಯಿಯ ಹಾಡನ್ನು ಒಮ್ಮೆಯೂ ನೆನಪಿಟ್ಟುಕೊಳ್ಳಲಾಗದ ಮತ್ತೊಬ್ಬ ಮನುಷ್ಯ ತಾಯಂದಿರಿಗಾಗಿ ಒಂದು ಹಾಡಿನ ಪುಸ್ತಕವನ್ನು ಬರೆದನು. ಜರ್ಮನಿಯ ಥುರಿಂಜಿಯ ಪ್ರದೇಶದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ 1782ರಲ್ಲಿ ಜನಿಸಿದ ಫ್ರೀಡ್ರಿಖ್ ಫ್ರೊಬೆಲ್. ಲೂಥರನ್ ಪಾಸ್ಟರರ ಮಗ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಮಲತಾಯಿ ಮೊದಮೊದಲು ಅಕ್ಕರೆ ತೋರಿದಳು. ತನಗೊಂದು ಮಗುವಾದ ಮೇಲೆ ಈತನನ್ನು ‘ನೀನು’ ಎಂದು ಕರೆಯುವುದನ್ನೇ ಬಿಟ್ಟು, ಎದುರಿಗಿದ್ದವನನ್ನೇ ‘ಅವನು’ ಎಂಬಂತೆ ದೂರದ ಸರ್ವನಾಮದಲ್ಲಿ ಮಾತನಾಡಿಸತೊಡಗಿದಳು. ಈ ಒಂದು ಪದದ ಗಾಯವನ್ನು ಫ್ರೊಬೆಲ್ ನಡುವಯಸ್ಸಿನಲ್ಲಿ ಬರೆದ ಆತ್ಮಕಥಾರೂಪದ ಪತ್ರದಲ್ಲಿಯೂ ಮರೆತಿಲ್ಲ. ಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಯುವಾಗ ಕಿವಿಗೆ ಬಿದ್ದ ಭಕ್ತಿಗೀತೆಗಳು ತನ್ನ ಏಕಾಂಗಿತನಕ್ಕೆ ಆಸರೆಯಾದುದನ್ನೂ ಅಲ್ಲಿಯೇ ಸ್ಮರಿಸುತ್ತಾನೆ.

ಫ್ರೊಬೆಲ್ ಎಂದರೆ ನಮಗೆ ಕಿಂಡರ್‌ಗಾರ್ಟನ್ ನೆನಪಾಗುತ್ತದೆ. 1840ರಲ್ಲಿ ‘ಮಕ್ಕಳ ತೋಟ’ ಎಂಬ ಆ ಹೆಸರಿಟ್ಟವನು ಆತನೇ. ಆದರೆ ತನ್ನ ವಿಚಾರಗಳ ತಿರುಳೆಲ್ಲ ಅಡಗಿದೆಯೆಂದು ಆತ ನಂಬಿದ್ದು 1844ರಲ್ಲಿ ಪ್ರಕಟವಾದ ‘ತಾಯಿಯ ಹಾಡುಗಳು, ಮುದ್ದಿನ ಹಾಡುಗಳು’ ಎಂಬ ಪುಸ್ತಕದಲ್ಲಿ. ಆರಂಭದಲ್ಲಿ ಚೊಚ್ಚಲ ಕೂಸನ್ನು ನೋಡುತ್ತಾ ತಾಯಿ ತನ್ನೊಳಗೆ ಹಾಡಿಕೊಳ್ಳುವ ಕೆಲವು ಗೀತೆಗಳಿವೆ. ಮುಂದೆ ಸುಮಾರು 50 ಆಟದ ಹಾಡುಗಳು. ಒಂದೊಂದಕ್ಕೂ ಒಂದು ಚಿತ್ರ, ತಾಯಿಗೆ ನಾಲ್ಕು ಸಾಲಿನ ಸೂಚನೆ, ಮಗುವಿಗೆ ಹಾಡು, ಬೆರಳುಗಳನ್ನು ಹೇಗೆ ಆಡಿಸಬೇಕೆಂಬ ನಮೂನೆ. ಚಿತ್ರಗಳು ಫ್ರೀಡ್ರಿಖ್ ಉಂಗರ್ ಎಂಬಾತನವು, ಸ್ವರ ಸಂಯೋಜನೆ ರಾಬರ್ಟ್ ಕೋಲ್ ಎಂಬಾತನದು. ಗಾಳಿಗೆ ತಿರುಗುವ ಕೋಳಿಯ ಗೊಂಬೆಯಂತೆ ಮಣಿಕಟ್ಟು ತಿರುಗುತ್ತದೆ. ಗಡಿಯಾರದ ಲೋಲಕದಂತೆ ತೋಳು ತೂಗುತ್ತದೆ. ಅಂಗೈಗಳು ತಟ್ಟಿ ರೊಟ್ಟಿಯಾಗುತ್ತವೆ. ಬೆರಳುಗಳು ಹೆಣೆದು ಹಕ್ಕಿಯ ಗೂಡಾಗುತ್ತವೆ, ಇಗರ್ಜಿಯ ಬಾಗಿಲೂ ಆಗುತ್ತವೆ. ಬಡಗಿ, ಇದ್ದಿಲು ಸುಡುವವ, ಹುಲ್ಲು ಕೊಯ್ಯುವವ ಎಲ್ಲರೂ ಹಾಡಿನಲ್ಲಿ ಬರುತ್ತಾರೆ. ಮಗುವನ್ನು ಮೆತ್ತನೆಯ ಹಾಸಿನ ಮೇಲೆ ತುಸುವೇ ಬೀಳಿಸಿ ಮತ್ತೆ ಹಿಡಿಯುವ ಒಂದು ಆಟವೂ ಇದೆ. ಬಿದ್ದರೆ ಹಿಡಿಯುವ ಕೈ ಉಂಟು ಎಂಬುದನ್ನು ಕೂಸು ಮೈಯಿಂದಲೇ ಅರಿಯಬೇಕೆಂಬುದು ಫ್ರೊಬೆಲನ ಆಶಯ.

ನಿಜ ಹೇಳಬೇಕೆಂದರೆ, ಕಾವ್ಯವಾಗಿ ಆ ಪದ್ಯಗಳು ಸಾಧಾರಣ. ರಾಗಗಳಂತೂ ಬಹುಬೇಗ ಮೂಲೆ ಸೇರಿದವು. ಅಮೆರಿಕದಲ್ಲಿ 1895ರಲ್ಲಿ ಸೂಸನ್ ಬ್ಲೋ ಅವರು ಇಂಗ್ಲಿಷ್ ಆವೃತ್ತಿಯನ್ನು ತಂದಾಗ ಎಲೀನರ್ ಸ್ಮಿತ್ ಅವರು ಹೊಸ ಸ್ವರಗಳನ್ನೇ ಹೊಂದಿಸಬೇಕಾಯಿತು. ಆದರೂ ಪುಸ್ತಕ ಬಾಳಿತು. ಹಾಡು ಚೆನ್ನಾಗಿರಬೇಕೆಂಬುದಕ್ಕಿಂತ ಮಡಿಲಲ್ಲಿ ಕೂಸಿರಬೇಕು, ಕೂಸಿನ ಕೈ ತಾಯಿಯ ಕೈಯೊಳಗಿರಬೇಕು ಎಂಬ ಆತನ ತಿಳಿವೇ ಅದಕ್ಕೆ ಕಾರಣವೆಂದು ನಾನು ಭಾವಿಸುತ್ತೇನೆ. ‘ಅದರಷ್ಟು ಚೆನ್ನಾಗಿ ನನಗೆಲ್ಲಿ ಬರುತ್ತದೆ’ ಎಂದ ಮುತ್ತಜ್ಜಿಗೆ ಫ್ರೊಬೆಲನ ಪುಸ್ತಕವೇ ಸಮಾಧಾನ ಹೇಳಬಲ್ಲದು. 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ, ನಾಸ್ತಿಕತೆ ಮತ್ತು ಸಮಾಜವಾದಗಳನ್ನು ಹರಡುತ್ತವೆಯೆಂಬ ಆರೋಪದ ಮೇಲೆ, ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅಣ್ಣನ ಮಗ ಕಾರ್ಲ್ ಫ್ರೊಬೆಲನ ಬರಹಗಳನ್ನು ಈತನವೆಂದು ತಪ್ಪು ತಿಳಿದದ್ದೂ ಇದಕ್ಕೆ ಒಂದು ಕಾರಣ. ಬೆರಳಾಟದ ಹಾಡುಗಳಿಗೆ ಹೆದರಿದ ಸರ್ಕಾರ! ಮರುವರ್ಷದ ಜೂನಿನಲ್ಲಿ ಫ್ರೊಬೆಲ್ ತೀರಿಕೊಂಡನು. ನಿಷೇಧ ತೆರವಾದದ್ದು 1860ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರಕ್ಕೆ ಒಂದು ಹೊಸ ಹೆಸರು ಬಂದಿತು: ಸಂಗೀತದ ಮಾತೃಭಾಷೆ. ಹಂಗೇರಿಯ ಜೋಲ್ಟಾನ್ ಕೊಡಾಯ್ 1905ರಿಂದ ಹಳ್ಳಿಹಳ್ಳಿ ತಿರುಗಿ ಜನಪದ ಗೀತೆಗಳನ್ನು ಸಂಗ್ರಹಿಸಿದವರು. ಮಗುವಿನ ಮೊದಲ ಸಂಗೀತ ತನ್ನ ನೆಲದ ಹಾಡಾಗಿರಬೇಕು, ಅದೂ ವಾದ್ಯದಿಂದಲ್ಲ, ಕೊರಳಿನಿಂದ ಬರಬೇಕು ಎಂಬುದು ಅವರ ನಿಲುವು. ಸಂಗೀತ ಶಿಕ್ಷಣ ಎಂದು ಆರಂಭವಾಗಬೇಕೆಂದು ಕೇಳಿದವರಿಗೆ, ಮಗು ಹುಟ್ಟುವ ಒಂಬತ್ತು ತಿಂಗಳ ಮೊದಲು ಎಂದಿದ್ದ ಅವರು, ಮುಂದೆ ಅದನ್ನು ತಿದ್ದಿ, ಮಗುವಿನ ತಾಯಿ ಹುಟ್ಟುವ ಒಂಬತ್ತು ತಿಂಗಳ ಮೊದಲು ಎಂದರು. ಜಪಾನಿನ ಶಿನಿಚಿ ಸುಜುಕಿಯವರ ಹಾದಿ ತುಸು ಬೇರೆ. ಜಪಾನಿನ ಮಕ್ಕಳೆಲ್ಲ ಕಷ್ಟವಾದ ಜಪಾನಿ ಭಾಷೆಯನ್ನು ಸಲೀಸಾಗಿ ಮಾತನಾಡುತ್ತಾರಲ್ಲ, ಅದೇ ರೀತಿಯಲ್ಲಿ ಪಿಟೀಲನ್ನೂ ಏಕೆ ಕಲಿಯಬಾರದು ಎಂದು ಅವರು ಕೇಳಿದರು. ಯುದ್ಧದಲ್ಲಿ ಸೋತು ನಲುಗಿದ್ದ ದೇಶದ ಮತ್ಸುಮೊತೊ ಊರಿನಲ್ಲಿ 1946ರಲ್ಲಿ ಶಾಲೆ ತೆರೆದರು. ಅಲ್ಲಿ ಮೊದಲು ಪಿಟೀಲು ಹಿಡಿಯಬೇಕಾದವಳು ತಾಯಿ. ಆಕೆ ಮನೆಯಲ್ಲಿ ನುಡಿಸುವುದನ್ನು ಕಂಡು ಮಗು ತನಗೂ ಬೇಕೆಂದು ಕೈಚಾಚುವವರೆಗೆ ಕಾಯಬೇಕು. ಸುಜುಕಿಯವರಿಗೆ ಪಿಟೀಲಿನ ಹುಚ್ಚು ಹಿಡಿದದ್ದು ಹದಿಹರೆಯದಲ್ಲಿ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ. ಆದ್ದರಿಂದ ಯಂತ್ರದ ಸಂಗೀತವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಮನೆಗೆ ಬರುವ ಒಳ್ಳೆಯ ಅತಿಥಿ. ಮನೆಯವರ ಜಾಗದಲ್ಲಿ ಅದನ್ನು ಕೂರಿಸಿದಾಗಲೇ ತೊಡಕು.

ಮಾತೃಭಾಷೆಯ ಮಾತು ಬಂದಾಗ ನಮ್ಮ ನಾಡಿನತ್ತ ನೋಡದಿರಲಾಗದು. ಪುರಂದರದಾಸರು ದೇವರನ್ನೇ ತೊಟ್ಟಿಲಲ್ಲಿಟ್ಟು ಜೋಗುಳ ಹಾಡಿದರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ, ಬೀಸುವ ಕಲ್ಲಿನ ಮುಂದೆ ಕೂಸಿನ ಮೇಲೆ ತಾಯಂದಿರು ಹಾಡಿಕೊಂಡ ತ್ರಿಪದಿಗಳು ಓದುಬರಹ ಬಲ್ಲವರ ಕಣ್ಣಿಗೆ ಬಿದ್ದವು. ಮಂಗಳೂರಿನ ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೊಸೆದಿದ್ದರು. ಆದರೂ ನಮ್ಮ ಅನೇಕ ಕ್ರೈಸ್ತ ಮನೆಗಳಲ್ಲಿ ದೇವಾಲಯದ ಹಾಡು ಒಂದು ಧಾಟಿ, ಹಿತ್ತಿಲ ಹಾಡು ಇನ್ನೊಂದು ಧಾಟಿ ಎಂಬ ಭೇದ ಬಹುಕಾಲ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನಾ ವಿಧಿಯ ದಸ್ತಾವೇಜು, ಆಯಾ ಜನರ ಸ್ವಂತ ಸಂಗೀತ ಪರಂಪರೆಗೆ ಸಲ್ಲಬೇಕಾದ ಗೌರವ ಸಲ್ಲಬೇಕೆಂದು ಹೇಳಿತು. ಆ ಹೊತ್ತಿಗೆ ಎಷ್ಟು ಜೋಗುಳಗಳು ಅಜ್ಜಿಯರೊಂದಿಗೆ ಮಣ್ಣು ಸೇರಿದ್ದವೋ ಲೆಕ್ಕವಿಟ್ಟವರಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟದ ವರದಿ ಪ್ರಕಟವಾಯಿತು. ಮೊಜಾರ್ಟನ ಪಿಯಾನೋ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕೃತಿಗಳನ್ನು ಕುರಿತ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಪಡೆದರು. ಆ ಪರಿಣಾಮ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಅದರಲ್ಲಿ ಕೂಸುಗಳ ಮಾತೇ ಇರಲಿಲ್ಲ. ಆದರೆ ಐದೇ ವರ್ಷಗಳಲ್ಲಿ, 1998ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಬೇಕೆಂದು ಶಾಸಕರ ಮುಂದೆ ಕೋರಿದರು. ಮೊಜಾರ್ಟನನ್ನು ಕೇಳಿಸಿದರೆ ಕೂಸು ಜಾಣನಾಗುತ್ತದೆಂಬ ನಂಬಿಕೆ ಜಗತ್ತಿಗೆಲ್ಲ ಹರಡಿತು, ಅಂಗಡಿಗಳು ತುಂಬಿದವು. ಮುಂದಿನ ಪರಿಶೀಲನೆಗಳು ಆ ಪರಿಣಾಮ ತೀರ ಅಲ್ಪವೆಂದು ತೋರಿಸಿದವು. ನನಗೆ ಇದರಲ್ಲಿ ಬೇಸರ ತರಿಸುವುದು ವಿಜ್ಞಾನದ ತಪ್ಪುಗ್ರಹಿಕೆಯಲ್ಲ. ಕೂಸಿಗೆ ಹಾಡು ಏಕೆ ಬೇಕೆಂದು ಕೇಳಿದಾಗ ‘ಅಂಕ ಹೆಚ್ಚಲು’ ಎಂಬ ಉತ್ತರ ನಮಗೆ ಇಷ್ಟು ಸುಲಭವಾಗಿ ಒಪ್ಪಿಗೆಯಾಯಿತಲ್ಲ, ಅದು.

ಸಂಶೋಧಕರು ನಿಜವಾಗಿ ಕಂಡ ಸಂಗತಿಗಳು ಬೇರೆಯೇ ಇವೆ, ಅವು ಇಷ್ಟು ಸದ್ದು ಮಾಡಲಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಮಗುವಿಗೆ ಕಿವಿ ಕೇಳಿಸುತ್ತದೆ; ಹೊರಗಿನ ಸದ್ದುಗಳು ಮಂಕಾಗಿ, ತಾಯಿಯ ದನಿ ಆಕೆಯ ಮೈಯ ಮೂಲಕವೇ ಸ್ಪಷ್ಟವಾಗಿ ತಲುಪುತ್ತದೆ. 1980ರಲ್ಲಿ ಪ್ರಕಟವಾದ ಡಿಕ್ಯಾಸ್ಪರ್ ಮತ್ತು ಫೈಫರ್ ಅವರ ಪ್ರಯೋಗದಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಪರರ ದನಿಯ ಬದಲು ತಾಯಿಯ ದನಿಯೇ ಕೇಳಿಸುವಂತೆ ತಮ್ಮ ಚೀಪುವಿಕೆಯ ಗತಿಯನ್ನು ಬದಲಿಸಿಕೊಂಡವು. 2015ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಒಂದು ವರ್ಷದೊಳಗಿನ ಕೂಸುಗಳಿಗೆ ಅವು ಎಂದೂ ಕೇಳದ ತುರ್ಕಿ ಭಾಷೆಯ ಮಾತನ್ನೂ ಹಾಡನ್ನೂ ಕೇಳಿಸಿ ನೋಡಿದರು. ಮಾತು ಕೇಳಿದ ಕೂಸುಗಳು ಸುಮಾರು ನಾಲ್ಕು ನಿಮಿಷಕ್ಕೆ ಅಳಲು ತೊಡಗಿದರೆ, ಹಾಡು ಕೇಳಿದವು ಸುಮಾರು ಒಂಬತ್ತು ನಿಮಿಷ ಶಾಂತವಾಗಿದ್ದವು. ಮುದ್ರಿಸಿದ ದನಿಯೇ ಇಷ್ಟು ಮಾಡಬಲ್ಲದಾದರೆ, ಹುಟ್ಟುವ ಮೊದಲೇ ಗುರುತಾದ ದನಿ ತೋಳಿನ ತೂಗಿನೊಂದಿಗೆ ಬಂದಾಗ ಏನಾಗಬಹುದೆಂದು ನೀವೇ ಊಹಿಸಿಕೊಳ್ಳಿರಿ.

ಮನೆಯಲ್ಲಿ ಎಳೆಯ ಕೂಸಿರುವ ಓದುಗರು ‘ಹಾಗಾದರೆ ಏನು ಮಾಡಬೇಕು?’ ಎಂದು ಕೇಳಬಹುದು. ಕೊಮೇನಿಯಸ್ ಹೇಳಿದ್ದಕ್ಕಿಂತ ಹೆಚ್ಚಿನದೇನೂ ನನಗೆ ತೋಚದು. ಒಂದೇ ಹಾಡನ್ನು ದಿನವೂ ಒಂದೇ ಹೊತ್ತಿನಲ್ಲಿ ಹಾಡಿರಿ. ದೊಡ್ಡವರಿಗೆ ಬೇಸರ ಬರುವ ಪುನರಾವರ್ತನೆಯೇ ಕೂಸಿಗೆ ಸಂತೋಷ. ಸಂಜೆಯ ಪ್ರಾರ್ಥನೆಯ ಗೀತೆಯಾಗಲಿ, ಅಡುಗೆಮನೆಯ ಗುನುಗಾಗಲಿ, ಮಗು ನಡುವೆ ಇರಲಿ. ಕೂಸು ‘ಆ’ ಎಂದಾಗ ಹಾಡು ನಿಲ್ಲಿಸಿ ಅದರ ಸರದಿಯನ್ನು ಅದಕ್ಕೆ ಬಿಡಿರಿ. ತಟ್ಟಲು ಒಂದು ಪಾತ್ರೆ ಸಾಕು. ತಂದೆಯಂದಿರಿಗೆ ಸಂತ ಕ್ರಿಸೋಸ್ತೋಮರ ಮಾತು ನೆನಪಿರಲಿ.

ಆ ಮುತ್ತಜ್ಜಿಗೆ ಅಂದು ಇದಾವುದನ್ನೂ ಹೇಳಲು ನನಗೆ ತಿಳಿದಿರಲಿಲ್ಲ. ಹೊರಡುವಾಗ ಮಾತಿಗೆ ಮಾತು ಬಂದು, ತನ್ನ ಏಳು ಮಕ್ಕಳನ್ನೂ ಒಂದೇ ಜೋಗುಳದಲ್ಲಿ ಮಲಗಿಸಿದ್ದಾಗಿ, ಅದನ್ನು ತನ್ನ ತಾಯಿಯಿಂದ ಕಲಿತದ್ದಾಗಿ ಆಕೆ ಹೇಳಿದರು. ಮನೆಯವರಲ್ಲಿ ಯಾರಿಗೂ ಅದು ಪೂರ್ತಿ ಬಾರದು. ಯಾವ ಜೋಗುಳವೆಂದು ಕೇಳಿ ಬರೆದುಕೊಳ್ಳಲು ಈ ತಿಂಗಳು ಮತ್ತೊಮ್ಮೆ ಆ ಮನೆಗೆ ಹೋಗಬೇಕೆಂದಿದ್ದೇನೆ.